ಹವಾಮಾನ ಯೋಜನೆ ಇರಲಿ, ಹಲಗೆ ಹಾಕುವವರು ಯಾರು ಹೇಳಿ

ಕಳೆದ ವಾರ ಅಕ್ಕನ ಮನೆಗೆ ಹೋಗಿದ್ದೆ. ಅದೇ ದಿನ ಅಲ್ಲಿ ಗ್ರಾಮಸಭೆ. ಭಾವ "ನೀನೂ ಬಾ, ಬಂದು ಊಟ ಮಾಡುವ" ಎಂದರು. ಹೋದೆ. ಯಾವ ಊರು, ಯಾವ ಪಂಚಾಯತ್ ಅಂತ ಬರೆಯುವುದಿಲ್ಲ. ಹೆಸರು ಹಾಕಿದರೆ ಅವರು ಇವರು ಅಂತ ಜಗಳ ಆಗ್ತದೆ, ಹೇಳಬೇಕಾದ ವಿಷಯ ಅಲ್ಲಿಗೇ ಮುಗಿಯುತ್ತದೆ. ಅದಲ್ಲದೆ ಇದು ಒಂದು ಊರಿನ ಕಥೆಯೂ ಅಲ್ಲ.

ಸಭೆಯ ಮೊದಲು ಹೊರಗಿನಿಂದ ಬಂದ ಒಬ್ಬರು ಹವಾಮಾನ ಬದಲಾವಣೆ ಬಗ್ಗೆ ಮಾಹಿತಿ ಕೊಟ್ಟರು. ಪರದೆ ಮೇಲೆ ಮಂಜುಗಡ್ಡೆ ಬಂತು, ಬಿಳಿ ಕರಡಿ ಬಂತು, ಭೂಮಿಗೆ ಜ್ವರ ಬಂದ ಚಿತ್ರ ಬಂತು. ಎಲ್ಲ ಸತ್ಯವೇ, ನಾನು ಅಲ್ಲ ಅನ್ನುವುದಿಲ್ಲ. ಆಮೇಲೆ ಒಂಬತ್ತು ವಿಷಯಗಳಲ್ಲಿ ಒಂದನ್ನು ಆರಿಸಿ ಸಂಕಲ್ಪ ಮಾಡಬೇಕಂತೆ, "ಸ್ವಚ್ಛ ಮತ್ತು ಹಸಿರು ಗ್ರಾಮ" ಅಂತ ಆರಿಸಿದರು. ಚಪ್ಪಾಳೆ ಆಯಿತು, ಫೋಟೋ ಆಯಿತು. ಅದರ ನಂತರ ಕ್ರಿಯಾಯೋಜನೆ ಓದಿದರು. ಒಂದನೇ ವಾರ್ಡಿನಲ್ಲಿ ರಸ್ತೆ ಕಾಂಕ್ರೀಟ್, ಎರಡನೇ ವಾರ್ಡಿನಲ್ಲಿ ರಸ್ತೆ ಕಾಂಕ್ರೀಟ್, ಮೂರನೇ ವಾರ್ಡಿನಲ್ಲಿ ತಡೆಗೋಡೆ, ನಾಲ್ಕರಲ್ಲಿ ದಾರಿದೀಪ. ಬಿಳಿ ಕರಡಿಗೂ ಈ ಪಟ್ಟಿಗೂ ಎಂತ ಸಂಬಂಧ ಅಂತ ನಾನು ಕುಳಿತು ಯೋಚಿಸುತ್ತಿದ್ದೆ.

ಆಗ ಹಿಂದಿನ ಸಾಲಿನಿಂದ ಒಬ್ಬರು ಅಜ್ಜ ಎದ್ದರು. "ನಮ್ಮ ತೋಡಿನ ಕಿಂಡಿ ಅಣೆಕಟ್ಟಿಗೆ ಈ ಸಲ ಹಲಗೆ ಯಾರು ಹಾಕುವುದು? ಹೋದ ಸಲ ಜನವರಿಯಲ್ಲಿ ಹಾಕಿದಿರಿ. ಆಗ ತೋಡಿನಲ್ಲಿ ನೀರೇ ಇರಲಿಲ್ಲ. ಮೇ ತಿಂಗಳಲ್ಲಿ ಮಳೆ ಬಂತು, ತೆಗೆಯುವವರು ಇರಲಿಲ್ಲ. ಕಸ, ಮರದ ಗೆಲ್ಲು ಎಲ್ಲ ಸಿಕ್ಕಿಹಾಕಿಕೊಂಡು ನೀರು ನನ್ನ ತೋಟಕ್ಕೆ ನುಗ್ಗಿತು."

ಉತ್ತರ ಏನು ಗೊತ್ತುಂಟಾ? "ಅಜ್ಜೆರೆ, ಅದು ಇದರಲ್ಲಿ ಬರುವುದಿಲ್ಲ. ಅದು ಬೇರೆ ಇಲಾಖೆ."

ಅಜ್ಜ ಕುಳಿತರು. ಸಭೆ ಮುಗಿಯಿತು. ಚಾ, ಬಿಸ್ಕೆಟ್.

ನನಗೆ ಅಂದಿನಿಂದ ಈ ಮಾತು ತಲೆಯಲ್ಲಿ ಕೊರೆಯುತ್ತಾ ಉಂಟು. ಪಂಚಾಯತಿಗೆ ಹವಾಮಾನ ಬದಲಾವಣೆಗೆ ತಕ್ಕ ಯೋಜನೆ ಮಾಡಲು ಸಹಾಯ ಮಾಡುತ್ತೇವೆ ಅಂತ ದೊಡ್ಡ ದೊಡ್ಡವರು ಬರುತ್ತಾರೆ. ಆದರೆ ಆ ಸಭೆಯಲ್ಲಿ ಹವಾಮಾನ ಬದಲಾವಣೆ ಬಗ್ಗೆ ನಿಜವಾಗಿ ಮಾತಾಡಿದ್ದು ಆ ಅಜ್ಜ ಒಬ್ಬರೇ. ಅವರು ಹೇಳಿದ್ದರಲ್ಲಿ ತಾರೀಕು ಇತ್ತು, ಜಾಗ ಇತ್ತು, ನಷ್ಟ ಇತ್ತು. "ಅದು ಇದರಲ್ಲಿ ಬರುವುದಿಲ್ಲ" ಎಂದರೆ ಮತ್ತೆ ಇದರಲ್ಲಿ ಬರುವುದು ಎಂತದು?

ನನ್ನ ಮಾತು ಇಷ್ಟೇ. ಅಳತೆ, ತಾರೀಕು, ಜವಾಬ್ದಾರಿ ಹೊತ್ತ ಜನ — ಈ ಮೂರು ಬರೆಯದ ಯೋಜನೆ ಹವಾಮಾನದ ಯೋಜನೆ ಅಲ್ಲ, ಕಾಗದ. ಈ ಮೂರನ್ನು ಬೆಂಗಳೂರಿನಿಂದ ಯಾರೂ ತಂದು ಕೊಡಲಿಕ್ಕೆ ಆಗುವುದಿಲ್ಲ. ಅದು ಇರುವುದು ನಮ್ಮ ಹತ್ತಿರ. ನಾವು ಕೊಡುತ್ತಾ ಇಲ್ಲ, ಅವರು ಕೇಳುತ್ತಾ ಇಲ್ಲ.

ಕೆಲವರು ಹೇಳುವುದುಂಟು, "ಎಂತ ಹವಾಮಾನ ಬದಲಾವಣೆ ಮಾರಾಯ್ರೆ, ಮೊದಲು ನೆರೆ ಬರಲಿಲ್ಲವಾ? ಬಂಟ್ವಾಳದಲ್ಲಿ 1923ರ ಮಾರಿಬೊಳ್ಳ ಬರಲಿಲ್ಲವಾ, 1974ರ ನೆರೆ ಬರಲಿಲ್ಲವಾ?" ಬಂದಿದೆ. ನಾನು ಇಲ್ಲ ಅನ್ನುವುದಿಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಒಂದು ಎಕ್ರೆ ಮೇಲೆ ಲೆಕ್ಕ ಹಾಕಿದರೆ ಒಂದೂವರೆ ಕೋಟಿ ಲೀಟರಿಗಿಂತ ಮಿಕ್ಕಿ ನೀರು. ಇಷ್ಟು ನೀರು ಬೀಳುವ ಊರಲ್ಲಿ ನೆರೆ ಬಂದರೆ ಆಶ್ಚರ್ಯ ಇಲ್ಲ.

ಬದಲಾದದ್ದು ಬೇರೆ. ಮಳೆ ಯಾವಾಗ ಬರ್ತದೆ, ಹೇಗೆ ಬರ್ತದೆ ಅನ್ನುವುದು ಬದಲಾಗಿದೆ. ಎರಡು ವರ್ಷ ಪಕ್ಕ ಪಕ್ಕ ಇಟ್ಟು ನೋಡಿ. ಮುಂಗಾರು ಕೇರಳಕ್ಕೆ ಬರುವ ಸರಾಸರಿ ದಿನ ಜೂನ್ 1. 2023ರಲ್ಲಿ ಬಂದದ್ದು ಜೂನ್ 8ಕ್ಕೆ. ಅದೇ ವರ್ಷದ ಆಗಸ್ಟ್ ಇಡೀ ದೇಶದಲ್ಲಿ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಮೇ 24ಕ್ಕೆ, 2009ರ ನಂತರ ಇಷ್ಟು ಬೇಗ ಬಂದದ್ದೇ ಇಲ್ಲ. ಆ ಮೇ ತಿಂಗಳು ದೇಶದಲ್ಲಿ 1901ರಿಂದ ಈಚೆಗಿನ ಅತಿ ಹೆಚ್ಚು ಮಳೆಯ ಮೇ. ಒಂದು ವರ್ಷ ಜೂನ್ 8, ಇನ್ನೊಂದು ವರ್ಷ ಮೇ 24. ಹದಿನೈದು ದಿನದ ವ್ಯತ್ಯಾಸ.

ಪೇಟೆಯವರಿಗೆ ಹದಿನೈದು ದಿನ ಅಂದರೆ ಏನೂ ಅಲ್ಲ. ನಮಗೆ ಅದು ವರ್ಷದ ಊಟ. ನಮ್ಮ ಹಿರಿಯರು ಪತ್ತನಾಜೆಯನ್ನು ಗಡಿ ಅಂತ ಇಟ್ಟಿದ್ದರು. ಪತ್ತನಾಜೆಗೆ ಕೋಲ, ಜಾತ್ರೆ, ಆಟದ ತಿರುಗಾಟ ಎಲ್ಲ ಮುಗಿದು ಮಳೆಗಾಲದ ಕೆಲಸ ಸುರು. ಅದರ ನಂತರವೂ ನಾಲ್ಕು ದಿನ ಬಿಸಿಲು ಸಿಗ್ತಿತ್ತು. ಆ ನಾಲ್ಕು ದಿನದಲ್ಲಿ ಅಡಿಕೆಗೆ ಮೊದಲನೇ ಮದ್ದು ಬಿಡುವುದು, ಕೊನೆಯ ಅಡಿಕೆ ಒಣಗಿಸಿ ಒಳಗೆ ಹಾಕುವುದು, ಕಣಿ ಬಿಡಿಸುವುದು, ಸೌದೆ ಸೇರಿಸುವುದು. 2025ರಲ್ಲಿ ಪತ್ತನಾಜೆಯ ಹೊತ್ತಿಗೆ ಮಳೆ ಹಿಡಿದು ಕೂತಿತು. ಮೈಲುತುತ್ತು, ಸುಣ್ಣ ತಂದು ಇಟ್ಟದ್ದು ಇಟ್ಟಲ್ಲೇ. ಮರ ಹತ್ತುವವರು ಸಿಕ್ಕಿದರೂ ಗೊನೆ ಒಣಗಿರಬೇಕಲ್ಲ? ಮೊದಲ ಮದ್ದು ತಪ್ಪಿದರೆ ಕೊಳೆರೋಗ ಎಲ್ಲಿಗೆ ಹೋಗ್ತದೆ ಅಂತ ನಿಮಗೆ ನಾನು ಹೇಳಬೇಕಾ? ಆಟಿಯಲ್ಲಿ ಮರದ ಬುಡದಲ್ಲಿ ಬಿದ್ದ ನಳ್ಳಿ ಹೆಕ್ಕಿದ ಕೈ ನಮ್ಮದೇ.

ಹಾಗಾಗಿ "ಮೊದಲೂ ಮಳೆ ಬರ್ತಿತ್ತು" ಎನ್ನುವ ಮಾತು ಸಾಕಾಗುವುದಿಲ್ಲ. ಮೊದಲು ಬರ್ತಿತ್ತು, ಒಂದು ಕ್ರಮದಲ್ಲಿ ಬರ್ತಿತ್ತು. ಆ ಕ್ರಮ ನಂಬಿ ನಮ್ಮ ಕೆಲಸ, ಪಂಚಾಯತಿನ ಕೆಲಸ, ಗುತ್ತಿಗೆದಾರರ ಕೆಲಸ ಎಲ್ಲ ನಡೀತಿತ್ತು. ಈಗ ಕ್ರಮ ತಪ್ಪಿದೆ, ಕೆಲಸದ ಪಟ್ಟಿ ಮಾತ್ರ ಹಳೆಯದೇ.

ಮೊದಲನೇದು: ಅಳತೆ

ಪ್ರತಿ ಗ್ರಾಮ ಪಂಚಾಯತಿಗೆ ಒಂದು ಮಳೆಮಾಪನ ಅಂತ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಇಟ್ಟಿದ್ದಾರೆ. ಅದು ತಾನೇ ಅಳೆದು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತದೆ. ಒಳ್ಳೆ ವ್ಯವಸ್ಥೆ. ನಮ್ಮಲ್ಲಿ ಎಷ್ಟು ಜನ ಅದನ್ನು ಕಣ್ಣಾರೆ ನೋಡಿದ್ದೀರಿ? ಅದು ಎಲ್ಲಿ ಉಂಟು ಅಂತಾದರೂ ಗೊತ್ತುಂಟಾ?

ಗೊತ್ತಿರಬೇಕು, ಯಾಕೆಂದರೆ ನಮ್ಮ ದುಡ್ಡು ಅದರ ಬಾಯಲ್ಲಿ ಉಂಟು. ಹವಾಮಾನ ಆಧಾರಿತ ಬೆಳೆ ವಿಮೆಗೆ 2025ರಲ್ಲಿ ಅಡಿಕೆಯಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ ಇತ್ತು. ನಾವು ಕಟ್ಟಿದ್ದು ಶೇ. 5, ಅಂದರೆ 6,400. ಕಾಳುಮೆಣಸಿಗೆ 47,000, ಕಟ್ಟಿದ್ದು 2,350. ಈ ವಿಮೆಯಲ್ಲಿ ಯಾರೂ ನಿಮ್ಮ ತೋಟಕ್ಕೆ ಬಂದು ಉದುರಿದ ಅಡಿಕೆ ಲೆಕ್ಕ ಮಾಡುವುದಿಲ್ಲ. ಮಳೆ ಎಷ್ಟು ಬಂತು, ಎಷ್ಟು ದಿನ ಬಿಡದೆ ಬಂತು, ಸೆಕೆ ಎಷ್ಟಿತ್ತು ಅಂತ ಯಂತ್ರ ಹೇಳಿದ್ದೇ ಅಂತಿಮ. ಯಂತ್ರದ ಬಾಯಿಗೆ ತರಗೆಲೆ ಬಿದ್ದು ನೀರು ಇಳಿಯದಿದ್ದರೆ? ಪಕ್ಕದ ಮರ ಬೆಳೆದು ಗೆಲ್ಲು ಅಡ್ಡ ಬಂದರೆ? ಯಂತ್ರ ಮಳೆ ಕಡಿಮೆ ಅಂತ ಬರೆಯುತ್ತದೆ, ನಿಮ್ಮ ತೋಟ ಕೊಳೆತರೂ ಕಾಗದದಲ್ಲಿ ಮಳೆ ಬರಲಿಲ್ಲ. ಮಳೆಮಾಪನ ಸರಿ ಇಲ್ಲ ಅಂತ ನಮ್ಮ ಜಿಲ್ಲೆಯಲ್ಲಿ ಕೃಷಿಕರ ದೂರು ಎಷ್ಟು ಸಲ ಬಂದಿದೆ, ಪೇಪರಿನಲ್ಲಿ ನೀವೇ ಓದಿದ್ದೀರಿ. ದೂರು ಬರುವುದು ಯಾವಾಗ? ವಿಮೆ ದುಡ್ಡು ಕಡಿಮೆ ಬಂದ ಮೇಲೆ. ಯಂತ್ರ ನೋಡಬೇಕಾದ್ದು ಯಾವಾಗ? ಮೇ ತಿಂಗಳ ಮೊದಲ ವಾರ.

ನಾನು ಕೇಳುವುದು ದೊಡ್ಡದಲ್ಲ. ಪಂಚಾಯತ್ ಯೋಜನೆಯಲ್ಲಿ ಒಂದು ಗೆರೆ ಇರಲಿ: ಪ್ರತಿ ವರ್ಷ ಮೇ ಮೊದಲ ವಾರ ಮಳೆಮಾಪನವನ್ನು ಇಬ್ಬರು ಕೃಷಿಕರ ಎದುರು ಪರಿಶೀಲಿಸುವುದು. ಸುತ್ತಲಿನ ಮರ ಎಷ್ಟು ಎತ್ತರ ಉಂಟೋ ಅದರ ಎರಡು ಪಾಲಾದರೂ ದೂರದಲ್ಲಿ ಯಂತ್ರ ಇರಬೇಕು, ಇಲ್ಲದಿದ್ದರೆ ಮೇಲಿನವರಿಗೆ ಬರೆದು ತಿಳಿಸುವುದು. ನಿನ್ನೆ ಎಷ್ಟು ಮಳೆ ಅಂತ ಪಂಚಾಯತ್ ಕಚೇರಿ ಎದುರಿನ ಬೋರ್ಡಿನಲ್ಲಿ ಬರೆಯುವುದು. ಇದಕ್ಕೆ ಖರ್ಚು ಒಂದು ಚಾಕ್ ಪೀಸ್.

ನಮ್ಮ ಕಡೆಯಿಂದಲೂ ಅಳತೆ ಬೇಕು. ಸುಳ್ಯ ತಾಲೂಕಿನ ಬಾಳಿಲದಲ್ಲಿ ಒಬ್ಬರು ಕೃಷಿಕರು ನಲವತ್ತು ವರ್ಷಕ್ಕೂ ಮಿಕ್ಕಿ ದಿನಾ ಮಳೆ ಅಳೆದು ಬರೆದಿಟ್ಟಿದ್ದಾರೆ. ಅವರು ಯಾವ ಯೋಜನೆಗೂ ಕಾಯಲಿಲ್ಲ. ನಾನು ಬರೆಯಲು ಸುರು ಮಾಡಿದ್ದು ತಡವಾಗಿ, ಆದರೂ ಎರಡು ನೋಟು ಪುಸ್ತಕ ತುಂಬಿದೆ. ಬಾವಿಯ ನೀರೂ ಬರೆಯುತ್ತೇನೆ. ಪ್ರತಿ ತಿಂಗಳು ಒಂದನೇ ತಾರೀಕು, ಪಂಪು ಹಾಕುವ ಮೊದಲು, ಎಷ್ಟು ಕೋಲು ನೀರು ಅಂತ. ಪ್ರತಿ ವಾರ್ಡಿನಲ್ಲಿ ಐದು ಬಾವಿ ಹೀಗೆ ಬರೆದಿಟ್ಟರೆ ಏಪ್ರಿಲಿನಲ್ಲಿ ಯಾವ ಕಡೆಗೆ ಟ್ಯಾಂಕರ್ ಬೇಕಾಗ್ತದೆ ಅಂತ ಜನವರಿಯಲ್ಲೇ ಹೇಳಬಹುದು. ಈಗ ಆಗುವುದು ಹೇಗೆ? ಬಾವಿ ಬತ್ತಿದ ಮೇಲೆ ಫೋನು, ಫೋನಿನ ಮೇಲೆ ಅರ್ಜಿ, ಅರ್ಜಿಯ ಮೇಲೆ ಮತ್ತೊಂದು ಬೋರ್‌ವೆಲ್.

ಅಳತೆ ಇಲ್ಲದ್ದಕ್ಕೆ ಇನ್ನೊಂದು ಉದಾಹರಣೆ ಹೇಳ್ತೇನೆ. ರಸ್ತೆಗೆ ಕಾಂಕ್ರೀಟ್ ಹಾಕುತ್ತಾರೆ, ಅಡಿಯಿಂದ ಒಂದು ಪೈಪು ಇಡುತ್ತಾರೆ. ಎಷ್ಟು ದೊಡ್ಡ ಪೈಪು? ಸಾಮಾನ್ಯವಾಗಿ ಹತ್ತಿರ ಏನು ಸಿಕ್ಕಿತೋ ಅದು. ತಂಗಿಯ ಮಗ ಸಿವಿಲ್ ಡಿಪ್ಲೊಮಾ ಮಾಡಿದ್ದಾನೆ, ಅವನ ಹತ್ತಿರ ಕುಳಿತು ಲೆಕ್ಕ ಹಾಕಿದೆ. ಮೇಲೆ ಹತ್ತು ಎಕ್ರೆ ಗುಡ್ಡೆ ಉಂಟು ಅಂತ ಇಟ್ಟುಕೊಳ್ಳಿ. ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಸುರಿಯಿತು. ಗುಡ್ಡೆಯ ಮೇಲೆ ಬಿದ್ದದ್ದು 40 ಲಕ್ಷ ಲೀಟರ್. ಅರ್ಧ ಇಂಗಿತು ಅಂತಲೇ ಹಿಡಿಯಿರಿ, ಉಳಿದ 20 ಲಕ್ಷ ಲೀಟರ್ ಒಂದು ಗಂಟೆಯೊಳಗೆ ಆ ಪೈಪಿಗೆ ಬರಬೇಕು. ಒಂದಡಿಯ ಪೈಪಿನಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ, ಪೂರ್ತಿ ತುಂಬಿ ಹರಿದರೂ ಗಂಟೆಗೆ ಹೋಗುವುದು ಐದು ಲಕ್ಷ ಚಿಲ್ಲರೆ ಲೀಟರ್. ಉಳಿದ ಹದಿನೈದು ಲಕ್ಷ ಎಲ್ಲಿಗೆ ಹೋಗ್ತದೆ? ರಸ್ತೆ ದಾಟಿ ಕೆಳಗಿನವನ ಅಂಗಳಕ್ಕೆ. ಅದೇ ಎರಡಡಿಯ ಪೈಪು ಇಟ್ಟರೆ ನಾಲ್ಕು ಪಾಲು ನೀರು ಹೋಗ್ತದೆ. ವ್ಯಾಸ ಎರಡು ಪಾಲು ಆದರೆ ನೀರು ನಾಲ್ಕು ಪಾಲು, ಇದು ನಾವು ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ವೃತ್ತದ ಲೆಕ್ಕವೇ.

ಮೋರಿ ಒಡೆದು, ರಸ್ತೆ ಕೊಚ್ಚಿಹೋಗಿ, ತಡೆಗೋಡೆ ಬಿದ್ದ ಮೇಲೆ "ಪ್ರಾಕೃತಿಕ ವಿಕೋಪ" ಅಂತ ಬರೆಯುತ್ತಾರೆ. ಪ್ರಕೃತಿಯ ಪಾಲು ಎಷ್ಟು, ಒಂದಡಿ ಪೈಪಿನ ಪಾಲು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹವಾಮಾನದ ಯೋಜನೆ ಮಾಡುವುದಾದರೆ ಇಲ್ಲಿಂದ ಮಾಡಿ. ಹೊಸ ಮೋರಿ ಇಡುವ ಮೊದಲು ಮೇಲಿನ ಗುಡ್ಡೆ ಎಷ್ಟು ಎಕ್ರೆ ಅಂತ ಬರೆಯಲೇಬೇಕು ಅಂತ ಒಂದು ನಿಯಮ ಮಾಡಿ ಸಾಕು.

ಎರಡನೇದು: ತಾರೀಕು

ಕಿಂಡಿ ಅಣೆಕಟ್ಟಿನ ವಿಷಯಕ್ಕೆ ಬರುವ. ಪಶ್ಚಿಮವಾಹಿನಿ ಅಂತ ಯೋಜನೆ ಉಂಟು, ನಮ್ಮ ಕರಾವಳಿಯ ಹೊಳೆಗಳಿಗೆ ಅಲ್ಲಲ್ಲಿ ಕಿಂಡಿ ಅಣೆಕಟ್ಟು ಆಗ್ತಾ ಉಂಟು. ಒಳ್ಳೆಯದೇ. ಆದರೆ ಕಿಂಡಿ ಅಣೆಕಟ್ಟು ಅಂದರೆ ಸಿಮೆಂಟಿನ ಕಂಬ ಅಲ್ಲ, ಹಲಗೆ. ಹಲಗೆ ಇಲ್ಲದ ಅಣೆಕಟ್ಟು ಬರೀ ಸೇತುವೆ. ನೀರಿನ ಹರಿವು ಇಳಿಯುತ್ತಾ ಬರುವಾಗ, ಪೂರ್ತಿ ನಿಲ್ಲುವ ಮೊದಲು ಹಲಗೆ ಬೀಳಬೇಕು. ನಮ್ಮ ಕಡೆಯ ಸಣ್ಣ ತೋಡುಗಳಿಗೆ ಅದು ನವೆಂಬರ್ ಕೊನೆ, ಹೆಚ್ಚೆಂದರೆ ಡಿಸೆಂಬರ್ ಮೊದಲ ವಾರ. ಟೆಂಡರ್, ಬಿಲ್ಲು, ಸಹಿ ಅಂತ ಜನವರಿಗೆ ಹೋದರೆ ಕಲ್ಲಿನ ಮೇಲೆ ಹಲಗೆ ಇಟ್ಟ ಹಾಗೆ.

ತೆಗೆಯುವುದಕ್ಕೂ ತಾರೀಕು ಬೇಕು. ಮೊದಲು ಮೇ ಕೊನೆ ಸಾಕಾಗ್ತಿತ್ತು. 2025 ನೋಡಿದ ಮೇಲೂ ಮೇ ಕೊನೆ ಅಂತ ಬರೆದರೆ ಅದು ಬೇಜವಾಬ್ದಾರಿ. ಮೇ ಹತ್ತರೊಳಗೆ ಅಂತ ಬರೆಯಬೇಕು. ಆಗ ಮೇ ತಿಂಗಳ ನೀರು ಕಡಿಮೆ ಆಗ್ತದೆ ಅಂತ ನಮ್ಮವರೇ ಕೆಲವರು ಗಲಾಟೆ ಮಾಡ್ತಾರೆ, ನನಗೆ ಗೊತ್ತುಂಟು. ಅದಕ್ಕೇ ಇದು ಸಭೆಯಲ್ಲಿ ಕುಳಿತು ತೀರ್ಮಾನ ಆಗಬೇಕಾದ ವಿಷಯ. ಮೇಲಿನ ತೋಟದವನಿಗೆ ನೀರು ಬೇಕು, ಕೆಳಗಿನವನಿಗೆ ನೆರೆ ಬೇಡ. ಇಬ್ಬರೂ ಕೂತು ಒಪ್ಪಿದ ತಾರೀಕು ಯೋಜನೆಯಲ್ಲಿ ಇದ್ದರೆ ರಾತ್ರೋರಾತ್ರಿ ಹಲಗೆ ಎಳೆಯುವ ಜಗಳ ಇರುವುದಿಲ್ಲ.

ಅಣೆಕಟ್ಟು ಇಲ್ಲದ ಕಡೆ ನಮ್ಮ ಹಳೆಯ ಕಟ್ಟ ಉಂಟು. ಕಲ್ಲು, ಮಣ್ಣು, ಸೊಪ್ಪು ಹಾಕಿ ಊರವರು ಸೇರಿ ಕಟ್ಟುತ್ತಿದ್ದದ್ದು. ಒಂದರ ಹಿಂಭಾಗದ ನೀರು ಇನ್ನೊಂದರ ಬುಡಕ್ಕೆ ಬರುವ ಹಾಗೆ ಸಾಲಾಗಿ ಕಟ್ಟಿದರೆ ಇಡೀ ಬೈಲಿನ ಬಾವಿಗೆ ನೀರು. ಬೋರ್‌ವೆಲ್ ಬಂದ ಮೇಲೆ ನಾವೇ ಅದನ್ನು ಬಿಟ್ಟೆವು. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ 2019ರಲ್ಲಿ ತೋಡು ಬೇಸಗೆಯಲ್ಲಿ ಒಣಗಿತು. ಅಲ್ಲಿಯವರು ಕೈಕಟ್ಟಿ ಕೂರಲಿಲ್ಲ, ಪತ್ರಕರ್ತ ಶ್ರೀ ಪಡ್ರೆಯವರೂ ಸೇರಿ ಊರವರೆಲ್ಲ ತೋಡಿನುದ್ದಕ್ಕೂ ಮತ್ತೆ ಕಟ್ಟ ಕಟ್ಟಲು ಹೊರಟರು. ಅವರಿಗೆ ಬಿಳಿ ಕರಡಿ ತೋರಿಸುವ ಅಗತ್ಯ ಬೀಳಲಿಲ್ಲ. ತಮ್ಮ ತೋಡು ಒಣಗಿದ್ದು ಕಂಡರೆ ಸಾಕಾಯಿತು.

ಮೂರನೇದು: ಜನ

ಅಳತೆ ಇದ್ದು, ಹೊಣೆ ಇಲ್ಲದಿದ್ದರೆ ಏನಾಗ್ತದೆ ಅನ್ನುವುದಕ್ಕೆ ಪಕ್ಕದ ವಯನಾಡು ನೋಡಿ. ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಅಂತ ಒಂದು ಸಂಸ್ಥೆ, ಜಿಲ್ಲೆಯಲ್ಲಿ ಇನ್ನೂರಕ್ಕೂ ಮಿಕ್ಕಿ ಕಡೆ ಮಳೆ ಅಳೆಯುವ ವ್ಯವಸ್ಥೆ ಮಾಡಿದೆ. 2024ರ ಜುಲೈ 29ರ ಬೆಳಿಗ್ಗೆ ಅವರ ಲೆಕ್ಕ ನೋಡಿ, ಮುಂಡಕ್ಕೈ ಕಡೆ ಗುಡ್ಡ ಜರಿಯುವ ಅಪಾಯ ಉಂಟು ಅಂತ ಆಡಳಿತಕ್ಕೆ ತಿಳಿಸಿದ್ದರು. ಗುಡ್ಡ ಬಂದದ್ದು ಮರುದಿನ ನಸುಕಿನಲ್ಲಿ. ನಡುವೆ ಒಂದು ಹಗಲು, ಅರ್ಧ ರಾತ್ರಿ ಇತ್ತು. ಚೂರಲ್ಮಲ, ಮುಂಡಕ್ಕೈಯಲ್ಲಿ ನೂರಾರು ಜನ ಹೋದರು.

ಯಾರ ಮೇಲೆ ತಪ್ಪು ಹೊರಿಸಬೇಕು ಅಂತ ಹೇಳಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ನನ್ನ ಪ್ರಶ್ನೆ ನಮ್ಮ ಊರಿನದ್ದು. ನಾಳೆ ನಮ್ಮ ಕಡೆ ಒಂದು ದಿನದಲ್ಲಿ 200 ಮಿಲಿಮೀಟರ್ ದಾಟಿತು, ಮಳೆ ನಿಲ್ಲುತ್ತಿಲ್ಲ. ಯಾವ ಮನೆಯವರು ಮೊದಲು ಹೊರಡಬೇಕು? ಅವರನ್ನು ಎಬ್ಬಿಸುವವರು ಯಾರು? ಯಾವ ಶಾಲೆಗೆ, ಕೀಲಿಕೈ ಯಾರ ಹತ್ತಿರ? ಹಾಸಿಗೆ ಹಿಡಿದ ಅಜ್ಜಿ ಯಾವ ಮನೆಯಲ್ಲಿದ್ದಾರೆ, ಅವರನ್ನು ಹೊರುವವರು ಯಾರು? 2019ರ ಆಗಸ್ಟ್ 9ರಂದು ಪಕ್ಕದ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ ಕಡೆ ಏನಾಯಿತು ನೆನಪುಂಟಲ್ಲ? ಗುಡ್ಡೆ ಕುಸಿದು, ಹೊಳೆ ತೋಟದ ಮೇಲೇ ಹರಿದು ಮರಳು, ಮರದ ದಿಮ್ಮಿ ತಂದು ಹಾಕಿತು. ನಮ್ಮ ಶಿರ್ತಾಡಿಯಿಂದ ಅದು ದೂರದ ದೇಶ ಏನಲ್ಲ. ನಾವೂ ಗುಡ್ಡೆಯ ಬುಡದಲ್ಲೇ ಇರುವವರು. ಮೇಲಿನಿಂದ ಜೆಸಿಬಿ ತಂದು ಗುಡ್ಡೆಯನ್ನು ನೇರ ಗೋಡೆಯ ಹಾಗೆ ಕಡಿದು ಮನೆ ಕಟ್ಟಿದವರು ನಮ್ಮಲ್ಲೂ ಇದ್ದಾರೆ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲೆಗೆ ಒಂದು ಯೋಜನೆ ಉಂಟು. ರಾಜ್ಯಕ್ಕೆ ಹವಾಮಾನ ಬದಲಾವಣೆಯ ಕ್ರಿಯಾಯೋಜನೆ ಉಂಟು. ದೇಶಕ್ಕೆ 2008ರಿಂದಲೇ ಉಂಟು. ಮೂರರಲ್ಲೂ ಆ ಅಜ್ಜಿಯ ಹೆಸರು ಇರಲಿಕ್ಕೆ ಸಾಧ್ಯ ಇಲ್ಲ. ಅದು ಇರಬೇಕಾದ್ದು ವಾರ್ಡಿನ ಯೋಜನೆಯಲ್ಲಿ, ಅದನ್ನು ಬರೆಸಬೇಕಾದವರು ನೆರೆಮನೆಯ ನಾವು.

ದುಡ್ಡಿಲ್ಲ, ಅಧಿಕಾರ ಇಲ್ಲ ಎಂಬ ಮಾತು

"ಪಂಚಾಯತಿಗೆ ಅಧಿಕಾರ ಎಲ್ಲುಂಟು?" ಅಂತ ಕೇಳ್ತಾರೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗೆ 29 ವಿಷಯ. ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಜಲಾನಯನ ಅದರಲ್ಲಿ ಮೂರನೇದು. "ಬೇರೆ ಇಲಾಖೆ" ಅಂತ ಆ ಅಜ್ಜನಿಗೆ ಹೇಳಿದವರು ಇದನ್ನು ಓದಬೇಕು. ಅಣೆಕಟ್ಟು ಬೇರೆ ಇಲಾಖೆಯದ್ದೇ ಇರಲಿ. ಹಲಗೆ ಹಾಕುವ ತಾರೀಕು ನಿರ್ಣಯ ಮಾಡಿ ಆ ಇಲಾಖೆಗೆ ಕಳಿಸಲು ಯಾರೂ ಅಡ್ಡ ಬರುವುದಿಲ್ಲ.

"ದುಡ್ಡು ಎಲ್ಲುಂಟು?" ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ಮಳೆನೀರು ಕೊಯ್ಲು, ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಉದ್ಯೋಗ ಖಾತರಿಯಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಕೂಲಿ ಇತ್ತು. ಇಂಗುಗುಂಡಿ, ಕೆರೆ, ಮದಕದ ಹೂಳು, ತೋಡಿನ ಬದಿ ಎಲ್ಲ ಅದರಲ್ಲಿ ಆಗ್ತಿತ್ತು. ದುಡ್ಡು ಸಾಲದು ಅಂತ ಹೇಳಿ, ಒಪ್ಪುತ್ತೇನೆ. ಇಲ್ಲ ಅಂತ ಹೇಳಬೇಡಿ. ಪಿಡಿಒ, ಕಾರ್ಯದರ್ಶಿಗಳ ಕಷ್ಟವೂ ನನಗೆ ಗೊತ್ತುಂಟು. ಒಬ್ಬರಿಗೆ ಹತ್ತು ಇಲಾಖೆಯ ಫಾರಂ ತುಂಬುವ ಕೆಲಸ. ಹನ್ನೊಂದನೇ ಫಾರಂ ಹವಾಮಾನದ್ದು ಅಂತ ಕೊಟ್ಟರೆ ಅವರು ಅದನ್ನೂ ತುಂಬುತ್ತಾರೆ, ಅಷ್ಟೆ. ಅವರಿಗೆ ಬೇಕಾದ ಸಹಾಯ ಮತ್ತೊಂದು ತರಬೇತಿ ಅಲ್ಲ. ಫಾರಮಿಗೆ ತುಂಬಲು ನಿಜವಾದ ಲೆಕ್ಕ.

ಈಗ ನಮ್ಮ ಬುಡಕ್ಕೆ ಬರುವ

ಬರೀ ಅವರನ್ನು ಬೈದರೆ ನಾನು ಸುಳ್ಳುಗಾರ ಆಗ್ತೇನೆ. ಬೈಲು ಗದ್ದೆಗೆ ಮಣ್ಣು ತುಂಬಿಸಿದ್ದು ಯಾರು? ನಾವು. ಏಣೆಲಿನಲ್ಲಿ ನೀರು ನಿಂತು ಇಂಗುತ್ತಿದ್ದ ಗದ್ದೆ ಹಡಿಲು ಬಿಟ್ಟದ್ದು, ತೋಟ ಮಾಡಿದ್ದು ನಾವು. ನಾನೂ ಎರಡು ಗದ್ದೆಗೆ ಅಡಿಕೆ ಹಾಕಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ತೋಡಿನ ಬದಿ ಒತ್ತಿ ಒಂದು ಸಾಲು ಗಿಡ ಜಾಸ್ತಿ ಇಟ್ಟದ್ದು ನಾವು. ಪಕ್ಕದವನು 400 ಅಡಿ ಕೊರೆಸಿದ ಅಂತ ನಾವು 500 ಅಡಿ ಕೊರೆಸಿದ್ದು ಯಾವ ಪಂಚಾಯತ್ ಹೇಳಿ? ಮನೆಯ ಎದುರು ಕಾಂಕ್ರೀಟ್ ಬೇಕು ಅಂತ ಸದಸ್ಯರ ಹಿಂದೆ ಬಿದ್ದದ್ದೂ ನಾವೇ. ಕೇಳಿದ್ದನ್ನೇ ಅವರು ಪಟ್ಟಿಯಲ್ಲಿ ಹಾಕಿದ್ದಾರೆ.

ವಾರ್ಡ್ ಸಭೆಗೆ ಎಷ್ಟು ಜನ ಹೋಗ್ತೇವೆ? ಫಲಾನುಭವಿ ಆಯ್ಕೆ ಇದ್ದರೆ ಕುರ್ಚಿ ಸಾಲುವುದಿಲ್ಲ. ನೀರಿನ ವಿಷಯ ಬಂದಾಗ ಖಾಲಿ. ಎಲ್ಲ ಮುಗಿದ ಮೇಲೆ ಅಂಗಡಿ ಜಗಲಿಯಲ್ಲಿ ಕುಳಿತು "ಎಂತದೂ ಆಗುವುದಿಲ್ಲ ಮಾರಾಯ್ರೆ" ಅಂತ ಹೇಳುವುದು. ಆಗುವುದಿಲ್ಲ, ನಿಜ. ಬರೆಸದ್ದು ಆಗುವುದು ಹೇಗೆ?

ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಯ ಅಭಿಯಾನ ಸುರು ಆಗ್ತದೆ.  ಈಗ ಕೇಳಿದರೆ ಕೇಳಿಸಿಕೊಳ್ಳುತ್ತಾರೆ. ಶಿರ್ತಾಡಿ, ವಾಲ್ಪಾಡಿ, ಪಾಲಡ್ಕ, ದರೆಗುಡ್ಡೆ, ಆಚೆ ಮರೋಡಿ, ಪೆರಾಡಿ — ನೀವು ಎಲ್ಲಿಯವರೇ ಆಗಿ, ನಿಮ್ಮ ವಾರ್ಡ್ ಸಭೆಗೆ ಒಂದು ಕಾಗದ ತೆಗೆದುಕೊಂಡು ಹೋಗಿ. ನಾನು ಬರೆದುಕೊಂಡದ್ದು ಇದು:

1. ನಮ್ಮ ವಾರ್ಡಿನ ಪ್ರತಿ ಅಣೆಕಟ್ಟು, ಪ್ರತಿ ಕಟ್ಟದ ಹೆಸರು. ಹಲಗೆ ಹಾಕುವ ತಾರೀಕು, ತೆಗೆಯುವ ತಾರೀಕು, ಹೊಣೆ ಯಾರದ್ದು, ಖರ್ಚು ಯಾವ ಲೆಕ್ಕದಿಂದ.
2. ಮಳೆಮಾಪನದ ಪರಿಶೀಲನೆ ಮೇ ಮೊದಲ ವಾರ. ದಿನದ ಮಳೆ ಬೋರ್ಡಿನಲ್ಲಿ.
3. ಐದು ಬಾವಿಯ ನೀರಿನ ಮಟ್ಟ, ತಿಂಗಳಿಗೊಮ್ಮೆ.
4. ಕಳೆದ ಐದು ವರ್ಷದಲ್ಲಿ ನೀರು ರಸ್ತೆ ದಾಟಿದ ಜಾಗ ಯಾವುದು, ಅಲ್ಲಿ ಪೈಪು ಎಷ್ಟು ಅಡಿ, ಮೇಲಿನ ಗುಡ್ಡೆ ಎಷ್ಟು ಎಕ್ರೆ.
5. ಗುಡ್ಡೆಯ ಬುಡದ ಮನೆಗಳು, ಅಲ್ಲಿರುವ ವಯಸ್ಸಾದವರು, ಎಬ್ಬಿಸಿ ಕರೆದೊಯ್ಯುವ ಇಬ್ಬರ ಹೆಸರು.

ಇಷ್ಟನ್ನು ಓದಿ, ನಡವಳಿ ಪುಸ್ತಕದಲ್ಲಿ ಬರೆಯಿಸಿ, ಬರೆದದ್ದು ನೋಡಿಯೇ ಸಹಿ ಹಾಕಿ. "ಇದು ಇದರಲ್ಲಿ ಬರುವುದಿಲ್ಲ" ಅಂದರೆ ಆ ಉತ್ತರವನ್ನೂ ಹಾಗೆಯೇ ಬರೆಯಲು ಹೇಳಿ. ಬರೆಯಬೇಕಾದ ಕೂಡಲೇ ಎಷ್ಟೋ ಉತ್ತರ ಬದಲಾಗ್ತದೆ, ನನ್ನ ಅನುಭವ.

ಅಕ್ಕನ ಊರಿನ ಆ ಅಜ್ಜನ ಮನೆಗೆ ಆವತ್ತು ಸಂಜೆ ಭಾವನ ಜೊತೆ ಹೋಗಿದ್ದೆ. ತೋಟ ತೋರಿಸಿದರು. ಹೊಳೆಯ ಬದಿಯ ಸಾಲಿನಲ್ಲಿ ಹದಿನಾಲ್ಕು ಮರ ಹೋಗಿದೆ, ಎಲ್ಲ ಫಲ ಬರುತ್ತಿದ್ದದ್ದು. ನವೆಂಬರಿನಲ್ಲಿ ಹಲಗೆ ತಾನೇ ಹಾಕಿಸುತ್ತೇನೆ ಎಂದರು, ಇಬ್ಬರು ಆಳು ಸಿಕ್ಕಿದರೆ ಸಾಕಂತೆ. ಅವರಿಗೆ ಎಪ್ಪತ್ತು ದಾಟಿದೆ. ಭಾವನೂ ನಾನೂ ಹೋಗುವುದು ಅಂತ ಮಾತಾಗಿದೆ. ಆದರೆ ಒಂದು ಊರಿನ ನೀರು ಎಪ್ಪತ್ತು ದಾಟಿದ ಒಬ್ಬರ ಹಠದ ಮೇಲೆ ನಿಲ್ಲಬಾರದು ಅಂತಲೇ ಪಂಚಾಯತ್ ಇರುವುದು.

ನಮ್ಮಲ್ಲಿ ನಿನ್ನೆ ರಾತ್ರಿ ಮಳೆ 38 ಮಿಲಿಮೀಟರ್. ನಿಮ್ಮಲ್ಲಿ ಎಷ್ಟು?